ಸಿಆರ್‌ಪಿ ರಿಪೋರ್ಟ್ ಕೈಗೆ ಬಂದಾಗ ಅದನ್ನು ಓದುವುದು ಹೇಗೆ

ಮಳೆ ಹಿಡಿದರೆ ನಮ್ಮ ಲ್ಯಾಬಿನ ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ. ಚಿಕ್ಕಮಗಳೂರಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ ನನಗೆ ಇಪ್ಪತ್ತಮೂರು ವರ್ಷವಾಯಿತು. ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರೇ ಜಾಸ್ತಿ. ರಕ್ತ ಕೊಟ್ಟು, ಎದುರಿನ ಹೋಟೆಲಲ್ಲಿ ತಿಂಡಿ ತಿಂದು, ರಿಪೋರ್ಟ್ ತಗೊಂಡು ಡಾಕ್ಟರ ಹತ್ತಿರ ಹೋಗುತ್ತಾರೆ. ದಾರಿಯಲ್ಲಿ ಕವರ್ ಬಿಚ್ಚಿ ನೋಡದವರನ್ನು ನಾನಂತೂ ಕಂಡಿಲ್ಲ. ನೋಡಿದ ಮೇಲೆ ವಾಪಸ್ ಕೌಂಟರಿಗೆ ಬರುತ್ತಾರೆ.

"ಅಕ್ಕಾ, ಸಿಆರ್‌ಪಿ ತೊಂಬತ್ತಾರು ಅಂತಿದೆ. ಪಕ್ಕದಲ್ಲಿ ಆರು ಅಂತ ಬರೆದಿದೆ. ಏನಾದ್ರೂ ಹೆಚ್ಚುಕಮ್ಮಿ ಇದೆಯಾ?"

ಸಿಆರ್‌ಪಿ ಅಂದರೆ ಸೋಂಕೋ ಪೆಟ್ಟೋ ಆದಾಗ ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. ಪಕ್ಕದ ಆರು ಅಂದರೆ ಅದಕ್ಕಿಂತ ಕಮ್ಮಿ ಇದ್ದರೆ ನಾರ್ಮಲ್ ಅಂತ. ಔಷಧಿ ಹೇಳುವುದು ಡಾಕ್ಟರ ಕೆಲಸ. ಆದರೆ ಆ ಸಂಖ್ಯೆ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬೇಕು, ಡಾಕ್ಟರಿಗೆ ಇನ್ನೇನು ಹೇಳಬೇಕು ಅನ್ನುವುದು ನಿಮಗೂ ಗೊತ್ತಿದ್ದರೆ ಒಳ್ಳೆಯದು ಅಲ್ವಾ? ಕೌಂಟರಿನಲ್ಲಿ ನಿಂತು ಎರಡು ಮಾತಲ್ಲಿ ಮುಗಿಸುವುದನ್ನು ಇಲ್ಲಿ ಕೂತು ಹೇಳುತ್ತೇನೆ.

ಮೊದಲು ಗಡಿಯಾರ, ಆಮೇಲೆ ಸಂಖ್ಯೆ

ಜ್ವರ ಶುರುವಾಗಿ ಎಷ್ಟು ಗಂಟೆಯಾಗಿತ್ತು, ರಕ್ತ ತೆಗೆದಿದ್ದು ಯಾವಾಗ? ರಿಪೋರ್ಟಿನ ಅಂಚಿನಲ್ಲಿ ಇವೆರಡನ್ನೂ ಪೆನ್ನಿನಲ್ಲಿ ಬರೆದುಕೊಳ್ಳಿ. ಇದನ್ನು ನಾನು ಕಲಿತಿದ್ದು ಪುಸ್ತಕದಿಂದಲ್ಲ, ನಮ್ಮ ಅತ್ತೆಯಿಂದ.

ಎಂಟು ವರ್ಷದ ಹಿಂದೆ ಒಂದು ದಿನ ಸಂಜೆ ನಾಲ್ಕಕ್ಕೆ ಅತ್ತೆಗೆ ನಡುಕ ಬಂತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಎರಡು ದಿನದಿಂದ ಉರಿಮೂತ್ರ ಇತ್ತಂತೆ, ನಾಚಿಕೆಗೆ ಹೇಳಿರಲಿಲ್ಲ. ಆರೂವರೆಗೆ ನಾನೇ ರಕ್ತ ತೆಗೆದು, ಲ್ಯಾಬಿಗೆ ಓಡಿ, ಸಿಆರ್‌ಪಿ ಹಾಕಿದೆ. ನೆಗೆಟಿವ್. ಮನೆಗೆ ಬಂದು "ಏನೂ ಇಲ್ಲ, ಗಂಜಿ ಕುಡಿದು ಮಲಗಿ" ಅಂದೆ. ಬೆಳಗ್ಗೆ ಏಳಕ್ಕೆ ನೋಡಿದರೆ ಅತ್ತೆಗೆ ಮಗನ ಹೆಸರೇ ನೆನಪಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ತೆಗೆದ ರಕ್ತದಲ್ಲಿ ಸಿಆರ್‌ಪಿ 48, ಅವತ್ತೇ ಸಂಜೆ 192. ಮೂತ್ರದ ಕಲ್ಚರಿನಲ್ಲಿ, ಅಂದರೆ ರೋಗಾಣು ಬೆಳೆಸಿ ನೋಡುವ ಟೆಸ್ಟಿನಲ್ಲಿ, ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಬೆಳೆಯಿತು. ಐದು ದಿನ ಬಿಟ್ಟು ಮನೆಗೆ ಬಂದರು. ಈಗಲೂ ನನಗೆ ಕಾಫಿ ಕೊಡುವಾಗ "ಏನೂ ಇಲ್ಲ, ಕುಡಿದು ಮಲಗು" ಅನ್ನುತ್ತಾರೆ.

ನಾನು ಮಾಡಿದ ಟೆಸ್ಟ್ ತಪ್ಪಾಗಿರಲಿಲ್ಲ. ಆ ಹೊತ್ತಿಗೆ ರಕ್ತದಲ್ಲಿ ಸಿಆರ್‌ಪಿ ಏರಿರಲೇ ಇಲ್ಲ. ಸೋಂಕಿನ ಸುದ್ದಿ ಮುಟ್ಟಿದ ಮೇಲೆ ಅದು ಏರಲು ಸುಮಾರು ಆರು ಗಂಟೆ ಬೇಕು. ಆಮೇಲೆ ಹೆಚ್ಚುಕಡಿಮೆ ಎಂಟು ಗಂಟೆಗೊಮ್ಮೆ ದುಪ್ಪಟ್ಟಾಗುತ್ತಾ ಹೋಗಿ, ಒಂದೂವರೆಯಿಂದ ಎರಡು ದಿನದಲ್ಲಿ ತುದಿ ಮುಟ್ಟುತ್ತದೆ. ಅಂದರೆ ಮೊದಲ ಕೆಲವು ಗಂಟೆಯ "ನಾರ್ಮಲ್" ಅನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಉಸಿರು ಕಟ್ಟುವುದು, ಮಂಕಾಗುವುದು, ಮೂತ್ರ ಕಮ್ಮಿಯಾಗುವುದು, ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ರಿಪೋರ್ಟಿಗೆ ಕಾಯಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ಅಷ್ಟು ಹೊತ್ತು ಯಾಕೆ ಬೇಕು?

ಯಾಕೆಂದರೆ ಸುದ್ದಿ ಕೈಯಿಂದ ಕೈಗೆ ದಾಟಬೇಕು. ಇ. ಕೋಲೈ ತರದ ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಕೊಬ್ಬು ಮತ್ತು ಸಕ್ಕರೆ ಸೇರಿದ ಒಂದು ವಸ್ತು ಇರುತ್ತದೆ. ಎಲ್‌ಪಿಎಸ್ ಅಂತ ಅದರ ಹೆಸರು. ನಮ್ಮ ಮೈಯಲ್ಲಿ ನಾವು ಅದನ್ನು ತಯಾರಿಸುವುದೇ ಇಲ್ಲ. ಹಾಗಾಗಿ ರಕ್ತದಲ್ಲಿ ಅದರ ಚೂರು ಕಂಡರೆ ಹೊರಗಿನವರು ಬಂದಿದ್ದಾರೆ ಅಂತಲೇ ಅರ್ಥ. ಎಲ್‌ಬಿಪಿ ಅನ್ನುವ ಒಂದು ಪ್ರೋಟೀನ್ ಆ ಚೂರನ್ನು ಹಿಡಿದು ಬಿಳಿ ರಕ್ತಕಣದ ಬಾಗಿಲಿಗೆ ತಲುಪಿಸುತ್ತದೆ. ಆ ಬಾಗಿಲ ಹೆಸರು ಟಿಎಲ್ಆರ್-4. ಎಲ್‌ಪಿಎಸ್ ಗುರುತಿಸುವ ಬಾಗಿಲು ಇದೇ ಅಂತ ಬ್ರೂಸ್ ಬಾಯ್ಟ್ಲರ್ 1998ರಲ್ಲಿ ತೋರಿಸಿದರು, 2011ರ ನೊಬೆಲ್ ಪಡೆದವರಲ್ಲಿ ಒಬ್ಬರಾದರು. ಬಾಗಿಲು ಬಡಿದ ಕೂಡಲೇ ಬಿಳಿಕಣ ಐಎಲ್-6 ಅನ್ನುವ ಸಂದೇಶ ಕಳಿಸುತ್ತದೆ. ಮಿದುಳಿಗೆ ಹೋದ ಇಂಥ ಸಂದೇಶಗಳಿಂದಲೇ ಜ್ವರ, ನಡುಕ. ಲಿವರಿಗೆ ಹೋದ ಸಂದೇಶ ಸಿಆರ್‌ಪಿ ತಯಾರಿ ಶುರು ಮಾಡಿಸುತ್ತದೆ. ಅತ್ತೆಯ ನಡುಕ ನಾಲ್ಕು ಗಂಟೆಗೆ ಬಂದಿತ್ತು. ನಾನು ರಕ್ತ ತೆಗೆದಾಗ ಲಿವರ್ ಇನ್ನೂ ಒಲೆ ಹಚ್ಚುತ್ತಿತ್ತು, ಅಷ್ಟೇ.

ಲಿವರ್ ತುಂಬಾ ಕೆಟ್ಟವರಲ್ಲಿ ಈ ಒಲೆ ಸರಿಯಾಗಿ ಉರಿಯುವುದಿಲ್ಲ. ಅವರ ಸಿಆರ್‌ಪಿ ಕಮ್ಮಿ ಬಂದರೆ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಲಿವರ್ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಇನ್ನು ಈ ಸಿಆರ್‌ಪಿ ಮಾಡುವುದೇನು? ಕೊರೋನಾ ಸಮಯದಲ್ಲಿ ಈ ಹೆಸರು ಊರಿಗೆಲ್ಲಾ ಪರಿಚಯವಾಯಿತು. "ಸಿ ಅಂದ್ರೆ ಕೊರೋನಾನೇ ಅಲ್ವಾ?" ಅಂತ ಕೇಳಿದವರಿದ್ದರು. ಅದು 1930ರ ಹೆಸರು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಅನ್ನುವ ಇಬ್ಬರು ನ್ಯುಮೋನಿಯಾ ರೋಗಿಗಳ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ನೀರನ್ನು, ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ "ಸಿ" ಅನ್ನುವ ಪದಾರ್ಥಕ್ಕೆ ಬೆರೆಸಿದರು. ಸೀರಂ ಮೋಡ ಕಟ್ಟಿತು. ರೋಗಿ ಚೇತರಿಸಿಕೊಂಡ ಮೇಲೆ ತೆಗೆದ ಸೀರಂ ಸುಮ್ನೆ ತಿಳಿಯಾಗೇ ಇತ್ತು. ಕಾಯಿಲೆ ಇರುವಾಗ ಬಂದು ಹೋದಮೇಲೆ ಹೋಗುವ ಏನೋ ಒಂದು ರಕ್ತದಲ್ಲಿದೆ ಅಂತ ಗೊತ್ತಾಯಿತು. ಆ "ಸಿ"ಗೆ ಅಂಟುವ ಪ್ರೋಟೀನ್ ಅಂತ ಸಿಆರ್‌ಪಿ ಆಯಿತು.

ನೋಡಲು ಅದು ಹೂವಿನ ತರ. ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ಅರೇಬಿಕಾ ಕಾಫಿ ಗಿಡ ಬೆಳ್ಳಗಾಗುತ್ತದಲ್ಲ, ಆ ಒಂದೊಂದು ಹೂವಿಗೆ ಸಾಮಾನ್ಯವಾಗಿ ಐದು ಎಸಳು. ಸಿಆರ್‌ಪಿಗೂ ಐದೇ ಎಸಳು, ವೃತ್ತಾಕಾರ. ಪ್ರತಿ ಎಸಳಿನ ಒಂದು ಮಗ್ಗುಲಲ್ಲಿ ಪುಟ್ಟ ಗುಂಡಿ. ಅದರಲ್ಲಿ ಎರಡು ಕ್ಯಾಲ್ಸಿಯಂ ಕಣ ಕೂತಿರುತ್ತವೆ. ಬ್ಯಾಕ್ಟೀರಿಯಾದ ಮೈಮೇಲಿರುವ ಫಾಸ್ಫೋಕೋಲಿನ್ ಅನ್ನುವ ಗುಂಪು ಬಂದು ಈ ಗುಂಡಿಗೆ ಸರಿಯಾಗಿ ಕೂರುತ್ತದೆ. ಹೂವಿನ ಇನ್ನೊಂದು ಮಗ್ಗುಲು ಆಗ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನ್ ಪಡೆಯನ್ನು ಕರೆಯುತ್ತದೆ.

ಇಲ್ಲೊಂದು ತೊಡಕಿದೆ. ಫಾಸ್ಫೋಕೋಲಿನ್ ನಮ್ಮ ಜೀವಕೋಶಗಳಲ್ಲೂ ಇದೆ. ಕೋಶ ಗಟ್ಟಿಮುಟ್ಟಾಗಿದ್ದಾಗ ಅದು ಸಿಆರ್‌ಪಿಯ ಕೈಗೆ ಸಿಗುವುದಿಲ್ಲ. ಕೋಶ ಒಡೆದರೆ, ಸತ್ತರೆ ಸಿಗುತ್ತದೆ. ಲಿವರಿಗೆ ಹೋಗುವ ಐಎಲ್-6 ಸಂದೇಶವೂ ಹಾಗೇ, ಪೆಟ್ಟಾದರೂ ಹೊರಡುತ್ತದೆ. ಅದಕ್ಕೇ ತೋಟದ ಮರ ಹತ್ತಿ ಕೊಂಬೆ ಕಡಿಯುವಾಗ (ಮರಗಸಿ) ಬಿದ್ದು ಕಾಲು ಮುರಿದವನಿಗೂ, ಆಪರೇಷನ್ ಆದವರಿಗೂ, ಕೀಲು ಊದುವ ವಾತ ಇರುವವರಿಗೂ ಸಿಆರ್‌ಪಿ ಏರುತ್ತದೆ. ಬ್ಯಾಕ್ಟೀರಿಯಾ ಬೇಕೇಬೇಕು ಅಂತಿಲ್ಲ. ಬ್ಯಾಕ್ಟೀರಿಯಾ ಸೋಂಕು ಜೋರಾಗಿದ್ದರೆ ನೂರು ದಾಟುವುದು ಸಾಮಾನ್ಯ, ವೈರಸ್ ಜ್ವರದಲ್ಲಿ ಬಹುಮಟ್ಟಿಗೆ ಅಷ್ಟು ಏರುವುದಿಲ್ಲ. ಆದರೆ ನಡುವೆ ಗೆರೆ ಎಳೆದು ಇದು ಇದೇ ಅನ್ನಲಾಗದು. ಡೆಂಗಿಯೋ, ಮಂಗನ ಕಾಯಿಲೆಯೋ, ಇಲಿ ಜ್ವರವೋ ಅಂತ ಸಿಆರ್‌ಪಿ ಒಂದರಿಂದಲೇ ಹೇಳುವವರ ಮಾತು ಕೇಳಬೇಡಿ.

ಯೂನಿಟ್ ನೋಡದೆ ಹೆದರಬೇಡಿ, ಧೈರ್ಯವನ್ನೂ ತಗೋಬೇಡಿ

ಸಂಖ್ಯೆಯ ಪಕ್ಕದಲ್ಲಿ ಸಣ್ಣದಾಗಿ ಬರೆದಿರುತ್ತದೆ. ಲೀಟರಿಗೆ ಮಿಲಿಗ್ರಾಂ ಇದೆಯೋ, ಡೆಸಿಲೀಟರಿಗೆ ಮಿಲಿಗ್ರಾಂ ಇದೆಯೋ ನೋಡಿ. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಒಬ್ಬರು ಬೇರೆ ಊರಿನ ರಿಪೋರ್ಟ್ ತಂದಿದ್ದರು, 4.8 ಅಂತ. ನಮ್ಮಲ್ಲಿ ಹಾಕಿದರೆ 48. "ಎರಡೇ ದಿನಕ್ಕೆ ಹತ್ತು ಪಟ್ಟು ಏರಿತಾ!" ಅಂತ ಅವರ ಹೆಂಡತಿ ಅಳುವುದೊಂದು ಬಾಕಿ. ಹಳೆಯದು ಡೆಸಿಲೀಟರಿನ ಲೆಕ್ಕ. ಅಲ್ಲಿಗೆ 4.8 ಅಂದರೂ 48 ಅಂದರೂ ಒಂದೇ. ಹೃದಯದ ಅಪಾಯ ನೋಡಲು ಮಾಡುವ ಎಚ್‌ಎಸ್-ಸಿಆರ್‌ಪಿ ಬೇರೆಯೇ ಲೆಕ್ಕ, ಜ್ವರ ಇರುವಾಗ ಅದನ್ನು ಮಾಡಿಸಿ ದುಡ್ಡು ಕಳೆಯಬೇಡಿ.

ಇನ್ನೊಂದು ಗುಟ್ಟು. ನಿಮ್ಮ ರಿಪೋರ್ಟಿನಲ್ಲಿ 6, 12, 24, 48, 96, 192, ಇವುಗಳಲ್ಲೇ ಒಂದು ಸಂಖ್ಯೆ ಇದ್ದರೆ ಅದು ಸ್ಲೈಡಿನ ಮೇಲೆ ಕೈಯಲ್ಲಿ ಮಾಡಿದ ಟೆಸ್ಟ್ ಅಂತ ತಿಳಿಯಿರಿ. ಮೆಷಿನ್ ಆದರೆ 87.3 ಅಂತ ಚಿಲ್ಲರೆ ಸಮೇತ ಕೊಡುತ್ತದೆ.

ಸ್ಲೈಡಿನ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ, ಆಗ ಆ ಸಂಖ್ಯೆಗಳ ಜಿಗಿತ ಅರ್ಥವಾಗುತ್ತದೆ. ಔಷಧಿ ಸೇರಿಸದ ಖಾಲಿ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಡುತ್ತೇವೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ತಿಳಿ ಹಳದಿ ಸೀರಂ ನಿಲ್ಲುತ್ತದೆ. ಫ್ರಿಜ್ಜಿನಿಂದ ತೆಗೆದ ಕಿಟ್ ಕೋಣೆಯ ಬಿಸಿಗೆ ಬರಲು ಕಾಯಬೇಕು. ಜುಲೈ ತಿಂಗಳ ಚಳಿಯಲ್ಲಿ ಇದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಕಪ್ಪು ಸ್ಲೈಡಿನ ಮೇಲೆ ಒಂದು ಹನಿ ಸೀರಂ, ಪಕ್ಕದಲ್ಲಿ ಒಂದು ಹನಿ ಲ್ಯಾಟೆಕ್ಸ್. ಲ್ಯಾಟೆಕ್ಸ್ ಅಂದರೆ ಹಾಲಿನ ಹಾಗೆ ಕಾಣುವ ಸೂಕ್ಷ್ಮ ಮಣಿಗಳು. ಪ್ರತಿ ಮಣಿಯ ಮೇಲೂ ಸಿಆರ್‌ಪಿ ಹಿಡಿಯುವ ಆಂಟಿಬಾಡಿ ಅನ್ನುವ ಪ್ರೋಟೀನ್ ಅಂಟಿಸಿರುತ್ತಾರೆ. ಆ ಆಂಟಿಬಾಡಿ ಬೇರೊಂದು ಪ್ರಾಣಿಯಲ್ಲಿ ತಯಾರಾಗಿದ್ದು. ನಮ್ಮ ರಕ್ತ ಬ್ಯಾಕ್ಟೀರಿಯಾ ಹಿಡಿದಿದ್ದನ್ನು ಕಂಡುಹಿಡಿಯಲು ಇನ್ನೊಂದು ಜೀವಿಯ ರಕ್ತದ ಸಹಾಯ.

ಕಡ್ಡಿಯಲ್ಲಿ ಎರಡೂ ಹನಿ ಬೆರೆಸಿ, ಸ್ಲೈಡನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಮೆಲ್ಲಗೆ ಆಡಿಸುತ್ತೇನೆ. ಸಿಆರ್‌ಪಿ ಇದ್ದರೆ ನಿಂಬೆಹಣ್ಣು ಹಿಂಡಿದ ಹಾಲಿನ ಹಾಗೆ ಒಡೆಯುತ್ತದೆ. ಬಿಳಿ ಕಾಳು ಕಾಳು, ನಡುವೆ ತಿಳಿ ನೀರು. ಇಲ್ಲದಿದ್ದರೆ ಹಾಲು ಹಾಲಾಗೇ ಇರುತ್ತದೆ. ಎರಡು ನಿಮಿಷ ಮೀರಿದರೆ ಅಂಚು ಒಣಗಿ ಸುಮ್ಮಸುಮ್ಮನೆ ಕಾಳು ಕಂಡ ಹಾಗೆ ಆಗುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಯಾರು ಕೌಂಟರ್ ಬಡಿದರೂ ನಾನು ತಲೆ ಎತ್ತುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಒಡೆದರೆ ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಇದೆ ಅಂತ ಲೆಕ್ಕ. ಆಮೇಲೆ ಸೀರಂ ಅನ್ನು ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು, ಹದಿನಾರರಷ್ಟು ತೆಳು ಮಾಡುತ್ತಾ ಹೋಗುತ್ತೇವೆ. ಹದಿನಾರರಷ್ಟು ತೆಳು ಮಾಡಿದರೂ ಒಡೆದು, ಮೂವತ್ತೆರಡಕ್ಕೆ ನಿಂತರೆ ಹದಿನಾರಾರಲೆ ತೊಂಬತ್ತಾರು. ಹಾಗಾಗಿ ನಿನ್ನೆಯ 96 ಇವತ್ತು 48 ಆದರೆ ಇಳಿದಿದ್ದು ಒಂದೇ ಮೆಟ್ಟಿಲು. ಖುಷಿಪಡಿ, ಆದರೆ ಅರ್ಧ ವಾಸಿಯಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ಇಂಥ ಸಂಖ್ಯೆಯನ್ನು ಮೆಷಿನ್ನಿನ ಸಂಖ್ಯೆಯ ಪಕ್ಕ ಇಟ್ಟು ತೂಗುವುದೂ ಬೇಡ. ಒಂದೇ ಲ್ಯಾಬು, ಒಂದೇ ವಿಧಾನ ಇರಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಪೆದ್ದುತನ ಮಾಡಿದ್ದೆ. ಕೀವು ತುಂಬಿದ ಕಾಲಿನ ರೋಗಿ, ಜ್ವರ 104. ಸ್ಲೈಡಿನಲ್ಲಿ ಹಾಲು ಒಡೆಯಲೇ ಇಲ್ಲ. ನೆಗೆಟಿವ್ ಅಂತ ಬರೆದೆ. ಡಾಕ್ಟರ್ ಫೋನ್ ಮಾಡಿ "ತೆಳು ಮಾಡಿ ಇನ್ನೊಂದು ಸಲ ಹಾಕಮ್ಮ" ಅಂದರು. ಹಾಕಿದೆ, ಮೊಸರಿನಂತೆ ಒಡೆಯಿತು. ಸಿಆರ್‌ಪಿ ವಿಪರೀತ ಇದ್ದರೆ ಹೀಗಾಗುತ್ತದೆ. ಒಂದು ಹಗ್ಗದ ಎರಡು ತುದಿಯನ್ನು ಇಬ್ಬರು ಹಿಡಿದರೆ ಜೋಡಿ. ಎಲ್ಲರ ಕೈಗೂ ಬೇರೆ ಬೇರೆ ಹಗ್ಗ ಸಿಕ್ಕರೆ ಯಾರಿಗೂ ಜೋಡಿಯಿಲ್ಲ. ಇಲ್ಲಿ ಹಗ್ಗ ಅಂದರೆ ಸಿಆರ್‌ಪಿ, ಹಿಡಿಯುವವರು ಲ್ಯಾಟೆಕ್ಸ್ ಮಣಿಗಳು. ಜೋಡಿಯಾಗದಿದ್ದರೆ ಕಾಳು ಕಟ್ಟುವುದಿಲ್ಲ. ಜ್ವರ ಜೋರಾಗಿದ್ದು, ಮೈ ಕುಸಿದಿದ್ದು, ಸ್ಲೈಡ್ ಟೆಸ್ಟ್ ನೆಗೆಟಿವ್ ಬಂದರೆ "ಡೈಲ್ಯೂಟ್ ಮಾಡಿ ನೋಡಿದ್ರಾ?" ಅಂತ ಲ್ಯಾಬಿನವರನ್ನು ಧೈರ್ಯವಾಗಿ ಕೇಳಿ. ನಮ್ಮವರಿಗೆ ಸಿಟ್ಟು ಬಂದರೆ ಬರಲಿ.

ರಿಪೋರ್ಟಿನಲ್ಲಿ ಕಾಣದ ಕಾವಲುಗಾರರು

ಸಿಆರ್‌ಪಿ ಕರೆಯುವ ಕಾಂಪ್ಲಿಮೆಂಟ್ ಪಡೆ ಅಂದೆನಲ್ಲ, ಅದು ದಿನನಿತ್ಯದ ಜ್ವರದ ರಿಪೋರ್ಟಿನಲ್ಲಿ ಬರುವುದಿಲ್ಲ. ಆದರೂ ಅದರ ಜೊತೆ ನಮಗೆ ಹಳೆಯ ಪರಿಚಯ. ಸಿಫಿಲಿಸ್ ಕಾಯಿಲೆಗೆ ಮಾಡುವ ವಿಡಿಆರ್‌ಎಲ್ ಟೆಸ್ಟಿಗೆ ಮುಂಚೆ ಸೀರಂ ಅನ್ನು 56 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡುತ್ತಿದ್ದೆವು. ಯಾಕೆ ಅಂತ ಕೇಳಿದರೆ ಸೀನಿಯರ್ "ಕಾಂಪ್ಲಿಮೆಂಟ್ ಸಾಯಲಿ ಅಂತ" ಅನ್ನುತ್ತಿದ್ದರು. ಬ್ಯಾಕ್ಟೀರಿಯಾ ಕೊಲ್ಲುವ ಸೀರಂ ಬಿಸಿಯಾದರೆ ಶಕ್ತಿ ಕಳೆದುಕೊಳ್ಳುತ್ತದೆ, ಸ್ವಲ್ಪ ತಾಜಾ ಸೀರಂ ಬೆರೆಸಿದರೆ ಮರಳಿ ಪಡೆಯುತ್ತದೆ ಅಂತ ತೋರಿಸಿದವರು ಜೂಲ್ ಬೋರ್ಡೆ. 1919ರ ನೊಬೆಲ್ ಅವರದು.

ಈ ಪಡೆಯಲ್ಲಿ ನನಗೆ ಇಷ್ಟದ್ದು ಸಿ3. ಅದು ಯಾರೂ ಕರೆಯದಿದ್ದರೂ ರಕ್ತದಲ್ಲಿ ಸ್ವಲ್ಪ ಸ್ವಲ್ಪವೇ ಒಡೆಯುತ್ತಿರುತ್ತದೆ. ಒಡೆದ ಚೂರಿಗೆ ವಿಪರೀತ ಅಂಟು. ಕಣ್ಣು ಮಿಟುಕಿಸುವುದರೊಳಗೆ ಪಕ್ಕದಲ್ಲಿ ಏನಿದೆಯೋ ಅದಕ್ಕೆ ಅಂಟಿಬಿಡುತ್ತದೆ. ಹಾಗಾದರೆ ನಮ್ಮ ಕೋಶಕ್ಕೂ ಅಂಟಬಹುದಲ್ಲ? ಅಂಟುತ್ತದೆ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಹಾಗೆ ನಮ್ಮ ಕೋಶಗಳ ಮೇಲೆ ಸಿಯಾಲಿಕ್ ಆಮ್ಲ ಅನ್ನುವ ಸಕ್ಕರೆಯ ಲೇಪ ಇದೆ. ಫ್ಯಾಕ್ಟರ್ ಎಚ್ ಅನ್ನುವ ಇನ್ನೊಂದು ಪ್ರೋಟೀನ್ ಈ ಲೇಪ ನೋಡಿ "ಇವನು ನಮ್ಮವನು" ಅಂತ ಅಂಟನ್ನು ಕಳಚುವ ಏರ್ಪಾಡು ಮಾಡುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಆ ಎಣ್ಣೆ ಇಲ್ಲ. ಅಲ್ಲಿ ಒಂದು ಚೂರು ನೂರು ಚೂರನ್ನು ಕರೆಯುತ್ತದೆ. ಮೈತುಂಬಾ ಸಿ3 ಮೆತ್ತಿಕೊಂಡ ಬ್ಯಾಕ್ಟೀರಿಯಾವನ್ನು ಬಿಳಿಕಣ ಸಲೀಸಾಗಿ ನುಂಗುತ್ತದೆ. ತೆಳು ಗೋಡೆಯ ಬ್ಯಾಕ್ಟೀರಿಯಾ ಆದರೆ ಕಾಂಪ್ಲಿಮೆಂಟ್ ಪ್ರೋಟೀನುಗಳು ಅದರ ಮೈಯಲ್ಲಿ ತೂತನ್ನೇ ಕೊರೆಯುತ್ತವೆ.

ಸಕ್ಕರೆ ಹಿಡಿಯುವ ಎಂಬಿಎಲ್ ಅನ್ನುವುದೊಂದಿದೆ. ತೋಟದಲ್ಲಿ ಓಡಾಡಿ ಬಂದರೆ ಸೀರೆಯ ಅಂಚಿಗೆ ಉತ್ತರಾಣಿ ಬೀಜ ಕಚ್ಚಿಕೊಂಡಿರುತ್ತದಲ್ಲ? ಒಂದು ಮುಳ್ಳನ್ನು ಬಿಡಿಸುವುದು ಸುಲಭ, ಹತ್ತೂ ಒಟ್ಟಿಗೆ ಹಿಡಿದರೆ ಕಷ್ಟ. ಎಂಬಿಎಲ್ ಹಾಗೇ ಹಲವು ಕೈಗಳಿಂದ, ಬ್ಯಾಕ್ಟೀರಿಯಾದ ಮೈಮೇಲೆ ಒತ್ತೊತ್ತಾಗಿರುವ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ.

ಇಲಿ ಜ್ವರದ ಲೆಪ್ಟೋಸ್ಪೈರಾ ಮಾತ್ರ ಕಳ್ಳ. ನಮ್ಮ ಫ್ಯಾಕ್ಟರ್ ಎಚ್ ಅನ್ನೇ ಹಿಡಿದು ತನ್ನ ಮೈಗೆ ಹಚ್ಚಿಕೊಂಡು ನಮ್ಮವನ ಹಾಗೆ ನಟಿಸುತ್ತದೆ. ಉಂಬಳ (ಜಿಗಣೆ) ಕಚ್ಚಿದ ಗಾಯ, ಬಿರಿದ ಹಿಮ್ಮಡಿ, ಇಲಿ ಉಚ್ಚೆ ಬೆರೆತ ಗದ್ದೆ ನೀರು, ಇಷ್ಟು ಸಾಕು ಅದಕ್ಕೆ.

ವಿಡಾಲ್ ಪಾಸಿಟಿವ್ ಅಂದರೆ?

ಈವರೆಗೆ ಹೇಳಿದವರೆಲ್ಲ ಬ್ಯಾಕ್ಟೀರಿಯಾದ ಚಹರೆ ನೋಡಿ ಹಿಡಿಯುವವರು. ಹೆಸರು ಹಿಡಿದು ಹುಡುಕುವುದು ಆಂಟಿಬಾಡಿ. ಅದು ತಯಾರಾಗಲು ವಾರ ಹತ್ತಿರ ಬೇಕು. ಮೊದಲು ಬರುವುದು ಐಜಿಎಂ, ಐದು ಜೋಡಿ ಅಂದರೆ ಹತ್ತು ಕೈಯಿರುವ ದೊಡ್ಡ ಆಂಟಿಬಾಡಿ. ಇಲಿ ಜ್ವರಕ್ಕೆ ಎರಡನೇ ದಿನವೇ ಐಜಿಎಂ ಟೆಸ್ಟ್ ಮಾಡಿಸಿ ನೆಗೆಟಿವ್ ಅಂತ ಸುಮ್ಮನಾದರೆ ಮೋಸ ಹೋಗುತ್ತೀರಿ. ಐದು ದಿನದ ನಂತರ ಮತ್ತೆ ಬೇಕಾಗಬಹುದು.

ವಿಡಾಲ್ ಟೆಸ್ಟ್ 1896ರದ್ದು. ಟೈಫಾಯಿಡ್ ಬ್ಯಾಕ್ಟೀರಿಯಾಕ್ಕೆ ಎದುರಾದ ಆಂಟಿಬಾಡಿ ಇದೆಯಾ ಅಂತ ನೋಡುತ್ತದೆ. ಹಿಂದೆಂದೋ ಬಂದಿದ್ದ ಸೋಂಕಿನ ಆಂಟಿಬಾಡಿ, ಲಸಿಕೆಯ ಆಂಟಿಬಾಡಿ, ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾದ್ದು, ಎಲ್ಲವೂ ಇದರಲ್ಲಿ ಪಾಸಿಟಿವ್ ತೋರಿಸಬಹುದು. ಒಂದೇ ಸಲದ ವಿಡಾಲ್ ನೋಡಿ "ನನಗೆ ವರ್ಷಕ್ಕೆ ಮೂರು ಸಲ ಟೈಫಾಯಿಡ್ ಬರುತ್ತೆ" ಅನ್ನುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ವಾರ ಹತ್ತು ದಿನ ಬಿಟ್ಟು ಎರಡನೇ ಸಲ ಮಾಡಿದಾಗ ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಬೆಲೆ. ನಿಜವಾಗಿ ಗೊತ್ತಾಗಬೇಕಾದರೆ ಬ್ಲಡ್ ಕಲ್ಚರ್. ಅದನ್ನು ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ತೆಗೆಯಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮಾತ್ರೆ ನುಂಗಿ ಬಂದಿದ್ದರೆ ಮುಚ್ಚಿಡಬೇಡಿ, ಯಾವುದು ಅಂತ ಹೇಳಿ. ಸಾಧ್ಯವಾದರೆ ಖಾಲಿ ಹಾಳೆ ತನ್ನಿ.

ಎರಡನೇ ಸಲದ ಸಂಖ್ಯೆ

ಸಿಆರ್‌ಪಿಯ ಒಂದು ಒಳ್ಳೆಯ ಗುಣ ಅಂದರೆ ಅದು ಬೇಗ ಇಳಿಯುತ್ತದೆ. ಲಿವರ್ ತಯಾರಿ ನಿಲ್ಲಿಸಿದರೆ ಸುಮಾರು 19 ಗಂಟೆಗೆ ರಕ್ತದಲ್ಲಿ ಇದ್ದಿದ್ದು ಅರ್ಧವಾಗುತ್ತದೆ. ತಯಾರಿ ಒಮ್ಮೆಗೇ ನಿಲ್ಲುವುದಿಲ್ಲ, ಹಾಗಾಗಿ ಲೆಕ್ಕದಷ್ಟು ಚುರುಕಾಗಿ ಇಳಿಯದು. ಔಷಧಿ ಶುರುವಾಗಿ ಎರಡು ಮೂರು ದಿನಕ್ಕೆ ಮತ್ತೆ ಟೆಸ್ಟ್ ಮಾಡಿ ಅಂತ ಡಾಕ್ಟರ್ ಬರೆದರೆ ಸುಮ್ನೆ ದುಡ್ಡು ಕೀಳುತ್ತಿದ್ದಾರೆ ಅಂದುಕೊಳ್ಳಬೇಡಿ. ಆ ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಜಾಸ್ತಿ ಹೇಳುತ್ತದೆ. ಇಳಿದಿಲ್ಲ ಅಂದರೆ ಔಷಧಿ ನಾಟುತ್ತಿಲ್ಲವೋ, ಎಲ್ಲೋ ಕೀವು ಉಳಿದಿದೆಯೋ ಅಂತ ಅವರು ಹುಡುಕಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ, ಇಡ್ಲಿ ತಿಂದೇ ಬನ್ನಿ. ಹಳೆಯ ರಿಪೋರ್ಟ್ ಮಾತ್ರ ಮರೆಯಬೇಡಿ. ಮಳೆಯಲ್ಲಿ ನೆನೆದು ಅಕ್ಷರ ಕಲಸಿಹೋದರೂ ತನ್ನಿ, ನಮ್ಮ ರಿಜಿಸ್ಟರಿನಲ್ಲಿ ಹುಡುಕಿ ಕೊಡುತ್ತೇನೆ.

ಹೋದ ವರ್ಷ ಆಗಸ್ಟಿನಲ್ಲಿ ಆಲ್ದೂರು ಕಡೆಯ ಒಂದು ತೋಟದ ರೈಟರ್ (ಲೆಕ್ಕ ಬರೆಯುವವರು), ಕೂಲಿಯವರ ಲೈನ್ ಮನೆಯ ಹುಡುಗನನ್ನು ಜೀಪಿನಲ್ಲಿ ಕರೆತಂದರು. ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದ. ರೈಟರ್ ಜೇಬಿನಿಂದ ಕೂಲಿ ಚೀಟಿಯ ಹಿಂದೆ ಬರೆದಿದ್ದನ್ನು ತೆಗೆದು ಕೊಟ್ಟರು. "ಮೊನ್ನೆ ಸಂಜೆ 5ಕ್ಕೆ ಚಳಿ ಜ್ವರ. ಹೋದ ವಾರ ಗದ್ದೆ ನಾಟಿಗೆ ಹೋಗಿದ್ದ. ಕಾಲಲ್ಲಿ ಉಂಬಳದ ಗಾಯ. ಜ್ವರದ ಮಾತ್ರೆ ಎರಡು, ಬೇರೆ ಏನೂ ಕೊಟ್ಟಿಲ್ಲ." ಸಿಆರ್‌ಪಿ 192 ಬಂತು. ಆ ಚೀಟಿಯನ್ನು ರಿಪೋರ್ಟಿಗೆ ಪಿನ್ ಮಾಡಿ ಡಾಕ್ಟರಿಗೆ ಕಳಿಸಿದೆ. ಮಧ್ಯಾಹ್ನದೊಳಗೆ ಕಲ್ಚರ್ ತೆಗೆದು ಇಲಿ ಜ್ವರದ ಔಷಧಿ ಶುರು ಮಾಡಿದ್ದರು. ಐಜಿಎಂ ಪಾಸಿಟಿವ್ ಬಂದಿದ್ದು ಅದಾಗಿ ಐದನೇ ದಿನ. ಅಷ್ಟರಲ್ಲಿ ಹುಡುಗ ಎದ್ದು ಕೂತು ಮೀನು ಸಾರು ಕೇಳುತ್ತಿದ್ದನಂತೆ.